ಕೋರ್ಟು ನಿಮ್ಮವರನ್ನು ಮನೋವೈದ್ಯರ ಹತ್ತಿರ ಕಳಿಸಿದಾಗ: ಆ ವೈದ್ಯರು ಯಾರ ಕಡೆಯವರು?

"ಡಾಕ್ಟ್ರೇ, ನೀವು ನಮ್ಮ ಕಡೆಯವರಾ, ಪೊಲೀಸರ ಕಡೆಯವರಾ?"

ಕೊಡಗಿನಲ್ಲಿ ಮನೋವೈದ್ಯನಾಗಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಗನನ್ನೋ ತಮ್ಮನನ್ನೋ ಕೋರ್ಟು ಮನಸ್ಸಿನ ಪರೀಕ್ಷೆಗೆ ಕಳಿಸಿದೆ ಎಂದ ಕೂಡಲೇ ಮನೆಯವರು ಗಾಬರಿಯಾಗುತ್ತಾರೆ. ಅಲ್ಲಿ ಏನು ಕೇಳುತ್ತಾರೆ? ಹೇಳಿದ್ದೆಲ್ಲ ಜಡ್ಜ್ ಹತ್ತಿರ ಹೋಗುತ್ತಾ? ಏನೇನು ತರಬೇಕು? ಸರ್ಟಿಫಿಕೇಟ್ ಸಿಕ್ಕರೆ ಕೇಸು ಮುಗಿಯುತ್ತಾ? ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವನ್ನೇ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ ಈಗಲೇ ಹೇಳಿಬಿಡುತ್ತೇನೆ. ಕೋರ್ಟಿಗಾಗಿ ಪರೀಕ್ಷೆ ಮಾಡುವ ವೈದ್ಯರು ನಿಮ್ಮ ಕಡೆಯವರೂ ಅಲ್ಲ, ಪೊಲೀಸರ ಕಡೆಯವರೂ ಅಲ್ಲ. ಕೋರ್ಟು ಕೇಳಿದ ಪ್ರಶ್ನೆಗೆ, ಕಂಡದ್ದನ್ನು ಕಂಡ ಹಾಗೆ ಉತ್ತರ ಕೊಡುವುದು ಅವರ ಕೆಲಸ. ಈ ಕೆಲಸಕ್ಕೆ ಫೊರೆನ್ಸಿಕ್ ಸೈಕಿಯಾಟ್ರಿ ಅನ್ನುತ್ತಾರೆ. ಕನ್ನಡದಲ್ಲಿ ನ್ಯಾಯ ಮನೋವೈದ್ಯಶಾಸ್ತ್ರ. ಈ ಉತ್ತರ ಕೇಳೋಕೆ ಕಹಿ ಅಂತ ನನಗೆ ಗೊತ್ತು. ಆದರೆ ಇದನ್ನು ಮೊದಲೇ ತಿಳಿದುಕೊಂಡ ಮನೆಯವರು, ಆಮೇಲೆ "ನಂಬಿಸಿ ಕೈಬಿಟ್ಟರು" ಎಂದು ಕೊರಗುವುದು ಕಡಿಮೆ.

ಹಂತ 1: ಕೋರ್ಟು ಏನು ಕೇಳಿದೆ ಅಂತ ನೋಡಿ

"ಮೆಂಟಲ್ ಟೆಸ್ಟಿಗೆ ಕಳಿಸಿದ್ದಾರೆ" ಅಂದರೆ ಸಾಲದು. ನಿಮ್ಮ ವಕೀಲರಿಂದ ಆದೇಶದ ಪ್ರತಿ ಪಡೆದು, ಅದರಲ್ಲಿ ಯಾವ ಪ್ರಶ್ನೆ ಇದೆ ಎಂದು ಓದಿಸಿಕೊಳ್ಳಿ. ಕ್ರಿಮಿನಲ್ ಕೇಸಿನಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳಲ್ಲಿ ಒಂದಿರುತ್ತದೆ.

ಒಂದು, ಈಗಿನ ಸ್ಥಿತಿ. ತನ್ನ ಮೇಲೆ ಯಾವ ಆರೋಪ ಇದೆ ಎಂದು ಈ ವ್ಯಕ್ತಿಗೆ ತಿಳಿಯುತ್ತದೆಯೇ? ಜಡ್ಜ್ ಯಾರು, ವಕೀಲರು ಯಾರು ಎಂದು ಗೊತ್ತೇ? ತನ್ನ ವಕೀಲರಿಗೆ ತನ್ನ ಮಾತು ಹೇಳಬಲ್ಲರೇ? ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಎಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಸೆಕ್ಷನ್‌ಗಳು ಇದಕ್ಕೆ ಸಂಬಂಧಪಟ್ಟವು. ಆಗುವುದಿಲ್ಲ ಎಂದು ಕಂಡುಬಂದರೆ ವಿಚಾರಣೆಯನ್ನು ಮುಂದೂಡುತ್ತಾರೆ, ಚಿಕಿತ್ಸೆ ನಡೆಯುತ್ತದೆ. ಅಷ್ಟಕ್ಕೇ ಕೇಸು ಬಿದ್ದುಹೋಗುವುದಿಲ್ಲ. ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ.

ಎರಡು, ಘಟನೆ ನಡೆದ ಹೊತ್ತಿನ ಸ್ಥಿತಿ. ಯಾವುದು ಅಪರಾಧ ಎಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಇದನ್ನು ಹೇಳುತ್ತದೆ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಘಟನೆಯಾದರೆ ಹಳೆಯ ಐಪಿಸಿಯ (ಭಾರತೀಯ ದಂಡ ಸಂಹಿತೆಯ) 84ನೇ ಸೆಕ್ಷನ್ ಅನ್ವಯಿಸುತ್ತದೆ. ಎರಡರ ಸಾರ ಒಂದೇ. ಚಿತ್ತ ಸರಿಯಿಲ್ಲದ ಕಾರಣಕ್ಕೆ, ಆ ಹೊತ್ತಿನಲ್ಲಿ, ತಾನು ಮಾಡುತ್ತಿರುವುದು ಏನು ಎಂದೇ ತಿಳಿಯದೆ, ಅಥವಾ ಅದು ತಪ್ಪು, ಕಾನೂನಿಗೆ ವಿರುದ್ಧ ಎಂದು ತಿಳಿಯದೆ ಮಾಡಿದ್ದು ಅಪರಾಧ ಆಗುವುದಿಲ್ಲ. ಇದರ ಬೇರು ಇಂಗ್ಲೆಂಡಿನಲ್ಲಿದೆ. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಅವನಿಗೆ ಶಿಕ್ಷೆಯಾಗದೆ ಹೋದಾಗ ಎದ್ದ ಗಲಾಟೆಯಿಂದ ಈ ನಿಯಮ ಹುಟ್ಟಿತು.

ಇಲ್ಲಿ "ಆ ಹೊತ್ತಿನಲ್ಲಿ" ಅನ್ನುವ ಮಾತೇ ಮುಖ್ಯ. ಹತ್ತು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದರೂ, ಆ ದಿನ ಆ ಗಳಿಗೆಯಲ್ಲಿ ಮನಸ್ಸು ಹೇಗಿತ್ತು ಎಂಬುದನ್ನೇ ಕೋರ್ಟು ನೋಡುತ್ತದೆ. ಸುಪ್ರೀಂ ಕೋರ್ಟು 1964ರ ದಾಹ್ಯಾಭಾಯಿ ಪ್ರಕರಣದಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಘಟನೆಯ ಮುಂಚೆ, ಆಗ ಮತ್ತು ಆಮೇಲೆ ವ್ಯಕ್ತಿ ಹೇಗೆ ನಡೆದುಕೊಂಡ ಎನ್ನುವುದರಿಂದ ಅದನ್ನು ತಿಳಿಯಬೇಕು. ಕಾಯಿಲೆಯ ಹೆಸರು ಒಂದಿದ್ದರೆ ಸಾಕು ಎಂದು ಕೂತರೆ ಕಷ್ಟ.

ಮೂರು, ಚಿಕಿತ್ಸೆಯ ಅಗತ್ಯ. ಜೈಲಿನಲ್ಲಿರುವವರಿಗೆ ಕಾಯಿಲೆ ಕಂಡರೆ ಎಲ್ಲಿ, ಹೇಗೆ ನೋಡಿಕೊಳ್ಳಬೇಕು ಎಂಬುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಇದಕ್ಕಾಗಿಯೇ ಇದೆ.

ಕುಡಿತದ ಬಗ್ಗೆ ಒಂದು ಮಾತು. "ಕುಡಿದಿದ್ದ, ಬುದ್ಧಿ ಇರಲಿಲ್ಲ" ಅನ್ನುವುದು ಬಿಡುಗಡೆಯ ದಾರಿ ಅಲ್ಲ. ತಾನಾಗಿ ಕುಡಿದ ಅಮಲಿಗೆ ಕಾನೂನು ಆ ರಿಯಾಯಿತಿ ಕೊಡುವುದಿಲ್ಲ. ಆದರೆ ವರ್ಷಗಟ್ಟಲೆ ಕುಡಿದು, ದಿಢೀರನೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಕೈ ನಡುಗಿ, ಇಲ್ಲದ್ದೆಲ್ಲ ಕಂಡು ಕೂಗಾಡಿದ್ದರೆ ಅದು ಬೇರೆಯೇ ವಿಷಯ. ಕೊನೆಯ ಸಲ ಕುಡಿದದ್ದು ಯಾವ ದಿನ, ಯಾವ ಹೊತ್ತು ಎಂದು ನೆನಪು ಮಾಡಿಕೊಂಡು ಬನ್ನಿ.

ಉಯಿಲು, ಆಸ್ತಿ ಪಾಲು, ವಿಚ್ಛೇದನದ ಕೇಸುಗಳಲ್ಲೂ ಮನಸ್ಸಿನ ಪ್ರಶ್ನೆ ಏಳುತ್ತದೆ. ಕಾಫಿ ತೋಟದ ಪಾಲಿನ ಜಗಳದಲ್ಲಿ "ಅಜ್ಜನಿಗೆ ಬುದ್ಧಿ ಸರಿ ಇರಲಿಲ್ಲ" ಎಂದು ಒಬ್ಬರು, "ಇತ್ತು" ಎಂದು ಇನ್ನೊಬ್ಬರು. ಇಲ್ಲಿ ಒಂದು ವಿಷಯ ನೆನಪಿಡಿ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರನ್ನೂ ಚಿತ್ತ ಸರಿಯಿಲ್ಲದವರು ಎಂದು ತೀರ್ಮಾನಿಸುವಂತಿಲ್ಲ. ಅದನ್ನು ಹೇಳಬೇಕಾದದ್ದು ಕೋರ್ಟು. 2017ರ ಕಾಯ್ದೆಯಲ್ಲೇ ಹೀಗಿದೆ. ಖಿನ್ನತೆಗೆ ಮಾತ್ರೆ ತಗೊಂಡಿದ್ದರು ಎಂಬ ಕಾರಣಕ್ಕೆ ಅಜ್ಜಿಯ ಉಯಿಲು ಸುಮ್ನೆ ರದ್ದಾಗುವುದಿಲ್ಲ.

ಹಂತ 2: ಚಿಕಿತ್ಸೆ ಕೊಟ್ಟ ವೈದ್ಯರು ಬೇರೆ, ವರದಿ ಕೊಡುವ ವೈದ್ಯರು ಬೇರೆ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಎಂದಾದರೆ ಇದನ್ನೇ ಓದಿ.

ನನ್ನ ಓಪಿಡಿಗೆ ನೀವು ಬಂದಾಗ ನಾನು ನಿಮ್ಮ ವೈದ್ಯ. ನಿಮಗೆ ಒಳ್ಳೆಯದಾಗಬೇಕು, ಅಷ್ಟೇ ನನ್ನ ಯೋಚನೆ. ನೀವು ಹೇಳಿದ್ದನ್ನು ನಂಬಿ ನಾನು ಶುರು ಮಾಡುತ್ತೇನೆ. ಕೋರ್ಟಿಗಾಗಿ ಕೂತಾಗ ಹಾಗಲ್ಲ. ನೀವು ಹೇಳಿದ್ದನ್ನು ಬೇರೆ ಕಾಗದದ ಜತೆ, ಬೇರೆಯವರ ಮಾತಿನ ಜತೆ ತಾಳೆ ನೋಡಬೇಕಾಗುತ್ತದೆ. ನಿಮಗೆ ನಷ್ಟ ತರುವ ಸತ್ಯ ಕಂಡರೂ ಬರೆಯಬೇಕಾಗುತ್ತದೆ. ಹಾಕಿರುವ ಕೋಟು ಒಂದೇ ಆದರೂ ಕೆಲಸ ಎರಡು.

ಒಬ್ಬರೇ ಎರಡೂ ಮಾಡಿದರೆ ಏನು ತೊಂದರೆ? 1980ರ ದಶಕದಲ್ಲಿ ಅಮೆರಿಕದ ಅಲನ್ ಸ್ಟೋನ್ ಎಂಬ ಮನೋವೈದ್ಯರು ತಮ್ಮದೇ ವೃತ್ತಿಯವರಿಗೆ ಇದನ್ನು ನೇರವಾಗಿ ಕೇಳಿದ್ದರು. ರೋಗಿಯ ಮೇಲಿನ ಕರುಣೆಯಿಂದ ವೈದ್ಯ ನ್ಯಾಯವನ್ನು ಬಗ್ಗಿಸಬಹುದು. ಇಲ್ಲವೇ ನ್ಯಾಯದ ಹೆಸರಿನಲ್ಲಿ, ನಂಬಿ ಮಾತಾಡಿದ ರೋಗಿಗೆ ಮೋಸ ಮಾಡಬಹುದು. ಎರಡೂ ಅಪಾಯ ನಿಜ. ಆಮೇಲೆ ಪಾಲ್ ಆಪಲ್‌ಬಾಮ್ ಎಂಬ ಇನ್ನೊಬ್ಬ ಮನೋವೈದ್ಯರು ಈ ಕೆಲಸಕ್ಕೆ ಎರಡು ಆಧಾರ ಕೊಟ್ಟರು: ಸತ್ಯ ಹೇಳುವುದು, ಎದುರಿಗೆ ಕೂತ ವ್ಯಕ್ತಿಯನ್ನು ಗೌರವಿಸುವುದು. ನಾನು ನಿಮ್ಮ ಚಿಕಿತ್ಸೆಗೆ ಕೂತಿಲ್ಲ ಎಂದು ಮೊದಲೇ ಹೇಳುವುದು ಆ ಗೌರವದಲ್ಲಿ ಸೇರಿದೆ. ನನಗೆ ಈ ಎರಡು ಮಾತು ಸಾಕಾಗಿದೆ. ಕಷ್ಟದ ಕೇಸು ಬಂದಾಗಲೆಲ್ಲ ಇವನ್ನೇ ಮುಂದಿಟ್ಟುಕೊಳ್ಳುತ್ತೇನೆ.

ನಮ್ಮದು ಚಿಕ್ಕ ಜಿಲ್ಲೆ. ಮನೋವೈದ್ಯರು ಕೆಲವೇ ಮಂದಿ. ಮಡಿಕೇರಿಯಲ್ಲಿ ನನ್ನ ಹತ್ತಿರ ಮಾತ್ರೆ ತಗೊಳ್ಳುತ್ತಿದ್ದವರ ಕೇಸು ವಿರಾಜಪೇಟೆಯ ಕೋರ್ಟಿನಿಂದ ನನ್ನ ಮೇಜಿಗೇ ಬರಬಹುದು. ಆರೋಪಿಯ ಒಕ್ಕದವರು, ಅಂದರೆ ಮನೆತನದವರು, ನನ್ನ ನೆಂಟರ ನೆಂಟರಾಗಿರಬಹುದು. ತೀರಿಹೋದವರ ಮನೆಯ ಮದುವೆಗೆ ನಾನು ಹೋಗಿರಬಹುದು. ಊರಿನಲ್ಲಿ ಇದೆಲ್ಲ ಇದ್ದದ್ದೇ. ಆಗ ಮಾಡಬೇಕಾದ್ದು ಇಷ್ಟು:

ವೈದ್ಯರು ಮೊದಲು ಚಿಕಿತ್ಸೆ ಕೊಟ್ಟವರೇ ಆಗಿದ್ದರೆ, ಅದನ್ನು ನಿಮ್ಮ ವಕೀಲರ ಮೂಲಕ ಕೋರ್ಟಿಗೆ ತಿಳಿಸಿ. ಬೇರೆ ವೈದ್ಯರಿಂದ, ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಯಿಂದ ಪರೀಕ್ಷೆ ಮಾಡಿಸಿ ಎಂದು ಕೇಳಬಹುದು. ಅಲ್ಲಿ ಈ ಕೆಲಸಕ್ಕೇ ಪ್ರತ್ಯೇಕ ವಿಭಾಗ ಇದೆ. ದೂರ ಜಾಸ್ತಿ, ಖರ್ಚು ಇದೆ, ಕೆಲವು ದಿನ ಒಳರೋಗಿಯಾಗಿ ಇಟ್ಟುಕೊಳ್ಳಬಹುದು. ಆದರೂ ದೊಡ್ಡ ಕೇಸಿನಲ್ಲಿ ಅದು ಒಳ್ಳೆಯದು. ಹಳೆಯ ವೈದ್ಯರನ್ನು ಕಳೆದುಕೊಂಡ ಹಾಗೆ ಅನ್ನಿಸಬೇಕಾಗಿಲ್ಲ. ಅವರು ಹಿಂದೆ ಏನು ಕಂಡೆ, ಏನು ಔಷಧ ಕೊಟ್ಟೆ ಎಂದು ಸಾಕ್ಷಿ ಹೇಳಬಹುದು. ಕೇಸಿನ ಪ್ರಶ್ನೆಗೆ ಅಭಿಪ್ರಾಯ ಕೊಡುವ ಕೆಲಸವನ್ನು ಮಾತ್ರ ಹೊಸಬರು ಮಾಡಲಿ.

ಬೇರೆ ದಾರಿಯೇ ಇಲ್ಲದೆ ಹಳೆಯ ವೈದ್ಯರೇ ವರದಿ ಕೊಡಬೇಕಾಗಿ ಬಂದರೆ, ಹಿಂದಿನ ಪರಿಚಯವನ್ನು ವರದಿಯಲ್ಲೇ ಬರೆಯಲು ಹೇಳಿ. ನಾನು ಮೊದಲ ಸಾಲಿನಲ್ಲೇ ಬರೆಯುತ್ತೇನೆ.

ಹಂತ 3: ಹಳೆಯ ಕಾಗದ ಹುಡುಕಿ, ಹೊಸದು ಹುಟ್ಟಿಸಬೇಡಿ

ಘಟನೆ ನಡೆದು ಎಷ್ಟೋ ತಿಂಗಳ ಮೇಲೆ ವೈದ್ಯರು ಆ ವ್ಯಕ್ತಿಯನ್ನು ನೋಡುತ್ತಾರೆ. ಆ ಹೊತ್ತಿನಲ್ಲಿ ಮನಸ್ಸು ಹೇಗಿತ್ತು ಎಂದು ತಿಳಿಯಲು ಆಗಿನ ಗುರುತುಗಳೇ ಬೇಕು.

ಓಪಿಡಿ ಚೀಟಿ, ಡಿಸ್ಚಾರ್ಜ್ ಸಾರಾಂಶ, ಔಷಧ ಅಂಗಡಿಯ ಬಿಲ್ಲು, ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಕ್ಲಿನಿಕ್‌ನ ಪುಸ್ತಕ. ಕಳೆದುಹೋಗಿದ್ದರೆ ಆಸ್ಪತ್ರೆಯಲ್ಲಿ ಪ್ರತಿ ಕೇಳಿ. ತನ್ನ ವೈದ್ಯಕೀಯ ದಾಖಲೆ ನೋಡುವ ಹಕ್ಕು ರೋಗಿಗೆ 2017ರ ಕಾಯ್ದೆಯಲ್ಲಿದೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಕಾಗದಕ್ಕೆ ಬೂಸ್ಟು ಹಿಡಿಯುವುದು ಗೊತ್ತಲ್ಲ. ಸಿಕ್ಕ ಕೂಡಲೇ ಮೊಬೈಲ್‌ನಲ್ಲಿ ಫೋಟೋ ತೆಗೆದು, ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ಮಾತ್ರೆಯ ಖಾಲಿ ಪಟ್ಟಿಗಳನ್ನೂ ಬಿಸಾಡಬೇಡಿ. ಒಮ್ಮೆ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ಪಟ್ಟಿ ಮೇಜಿನ ಮೇಲಿಟ್ಟರು. ಹತ್ತು ಮಾತ್ರೆಯಲ್ಲಿ ಮೂರು ಖಾಲಿ, ಏಳು ಹಾಗೇ ಇದ್ದವು. ಪಟ್ಟಿಯ ಹಿಂಬದಿಯಲ್ಲಿ ತಯಾರಾದ ತಿಂಗಳು ಅಚ್ಚಾಗಿತ್ತು. ಔಷಧ ಅಂಗಡಿಯ ಬಿಲ್ಲು ಜತೆಗಿಟ್ಟು ನೋಡಿದರೆ, ಮಗ ಯಾವ ವಾರ ಮಾತ್ರೆ ಬಿಟ್ಟ ಎಂದು ಲೆಕ್ಕ ಸಿಕ್ಕಿತು. ಎರಡು ಪುಟದ ಸರ್ಟಿಫಿಕೇಟ್ ಹೇಳದ್ದನ್ನು ಆ ಪಟ್ಟಿ ಹೇಳಿತ್ತು.

ಮನೆಯವರ ಮಾತಿಗಿಂತ ಹೊರಗಿನವರ ಮಾತಿಗೆ ಕೋರ್ಟಿನಲ್ಲಿ ಎಷ್ಟೋ ಸಲ ತೂಕ ಜಾಸ್ತಿ. ಪಕ್ಕದ ಮನೆಯವರು, ಬಸ್ಸಿನ ಕಂಡಕ್ಟರ್, ಅಂಗಡಿಯವರು, ತೋಟದ ಲೆಕ್ಕ ಬರೆಯುವ ರೈಟರು ಏನು ಕಂಡಿದ್ದರು? ತೋಟದ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಒಳ್ಳೆಯ ಸಾಕ್ಷಿ. ಕಾಫಿ ಕೊಯ್ಲಿನ ಸಮಯದಲ್ಲಿ ದಿನವೂ ಬರುತ್ತಿದ್ದವನು ಘಟನೆಗೆ ಎರಡು ವಾರ ಮೊದಲು ಕೆಲಸಕ್ಕೆ ಬರುವುದು ಬಿಟ್ಟಿದ್ದ ಎಂದರೆ ಅದಕ್ಕೆ ಅರ್ಥ ಇದೆ.

ಮಂತ್ರವಾದಿ ಹತ್ತಿರ ಕರೆದುಕೊಂಡು ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಯಾವ ದಿನ ಹೋದಿರಿ, ಅಲ್ಲಿ ಏನು ಹೇಳಿದಿರಿ ಎನ್ನುವುದರಿಂದಲೇ ಕಾಯಿಲೆ ಯಾವಾಗ ಶುರುವಾಯಿತು ಎಂದು ಎಷ್ಟೋ ಸಲ ತಿಳಿದಿದೆ. ಗುಳಿಗ, ಚೌಂಡಿ ಎಂಬ ದೈವಗಳು ಎಂದರೆ ಏನು ಎಂದು ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ವೈದ್ಯರಿಗೆ ಗೊತ್ತಿಲ್ಲದಿರಬಹುದು. ಮನೆಯವರೆಲ್ಲ ನಂಬುವ, ವರ್ಷಕ್ಕೊಮ್ಮೆ ಮೈಮೇಲೆ ಬರುವ ದೈವ ಕಾಯಿಲೆ ಅಲ್ಲ. "ನಮ್ಮ ದೈವ ಹೀಗೆ ಯಾವತ್ತೂ ಮಾತಾಡಿಲ್ಲ, ಇವನು ಹೇಳುವುದೇ ಬೇರೆ" ಎಂದು ಮನೆಯ ಹಿರಿಯರಿಗೇ ಅನ್ನಿಸಿದ್ದರೆ, ಅದನ್ನು ಅವರ ಬಾಯಿಂದಲೇ ವೈದ್ಯರಿಗೆ ಹೇಳಿಸಿ.

ದೊಡ್ಡ ಎಚ್ಚರಿಕೆ: ಹಿಂದಿನ ತಾರೀಖು ಹಾಕಿ ಸರ್ಟಿಫಿಕೇಟ್ ಬರೆಸಬೇಡಿ. ಪಾಟೀಸವಾಲಿನಲ್ಲಿ ಎದುರು ವಕೀಲರು ಓಪಿಡಿ ರಿಜಿಸ್ಟರ್ ತರಿಸಿ ನೋಡಿದರೆ ಮುಗಿಯಿತು. ನಿಜವಾದ ಕಾಯಿಲೆ ಇದ್ದರೂ ಆಮೇಲೆ ಯಾರೂ ನಂಬುವುದಿಲ್ಲ.

ಹಂತ 4: ಭಾಷೆಯ ಏರ್ಪಾಡು ಮೊದಲೇ ಮಾಡಿ

ಕೊಡಗಿನಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಆದೇಶ ಇಂಗ್ಲಿಷಿನಲ್ಲಿ ಬರುತ್ತದೆ, ವೈದ್ಯರು ಕನ್ನಡದಲ್ಲಿ ಕೇಳುತ್ತಾರೆ, ಎದುರಿಗಿರುವವರ ಮನಸ್ಸು ಯರವ ಭಾಷೆಯಲ್ಲೋ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಮಲಯಾಳದಲ್ಲೋ ಇರುತ್ತದೆ. ಈಗ ತೋಟಗಳಿಗೆ ಅಸ್ಸಾಂ, ಬಂಗಾಳದ ಕಡೆಯಿಂದಲೂ ಕೆಲಸಕ್ಕೆ ಬರುತ್ತಾರೆ.

ಒಂದು ಸಲ ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಹೆಣ್ಣುಮಗಳೊಬ್ಬರನ್ನು ಕರೆತಂದಿದ್ದರು. ಮಾತು ತಿಳಿಸಲು ಬಂದವರು ಅದೇ ತೋಟದ ರೈಟರು. ನಾನು ಕೇಳಿದೆ, "ರಾತ್ರಿ ನಿದ್ದೆ ಬರುತ್ತಾ?" ಆಕೆ ನೆಲ ನೋಡಿಕೊಂಡು ಸಣ್ಣ ದನಿಯಲ್ಲಿ ತುಂಬಾ ಹೊತ್ತು ಮಾತಾಡಿದರು. ನಡುವೆ ಎರಡು ಸಲ ಕಣ್ಣು ಒರೆಸಿಕೊಂಡರು. ರೈಟರು ನನ್ನ ಕಡೆ ತಿರುಗಿ, "ಬರುತ್ತದಂತೆ ಸಾರ್" ಅಂದರು. ಅಷ್ಟೇ. ಆ ದಿನ ಪರೀಕ್ಷೆ ನಿಲ್ಲಿಸಿ, ಬೇರೆ ದಿನ ಅವರ ಭಾಷೆ ಬಲ್ಲ, ತೋಟಕ್ಕೆ ಸಂಬಂಧ ಇಲ್ಲದ ಒಬ್ಬ ಮಹಿಳೆಯನ್ನು ಕರೆಸಿದೆ. ಆಗ ಸಿಕ್ಕ ಉತ್ತರ ಒಂದು ಪುಟ ತುಂಬಿತು.

ಆದ್ದರಿಂದ ಕೆಲಸ ಕೊಟ್ಟವರು, ದೂರು ಕೊಟ್ಟವರ ಕಡೆಯವರು, ಪೊಲೀಸರು ಭಾಷೆ ತಿಳಿಸುವವರಾಗಬಾರದು. ಮನೆಯವರೂ ಬೇಡ. ಪ್ರೀತಿಯಿಂದಲೇ ಆದರೂ ಅವರು ಉತ್ತರವನ್ನು ತಿದ್ದುತ್ತಾರೆ. "ಇವರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ, ಸಂಬಂಧ ಇಲ್ಲದ ದುಭಾಷಿ ಬೇಕು" ಎಂದು ವಕೀಲರ ಮೂಲಕ ಬರೆದು ಕೇಳಿ. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100.

ಹಂತ 5: ಪರೀಕ್ಷೆಯ ದಿನ

ವೈದ್ಯರು ಬಾಯಿ ತೆರೆದ ಕೂಡಲೇ ಈ ನಾಲ್ಕು ಮಾತು ಬರಬೇಕು: ನಾನು ಯಾರು, ನನ್ನನ್ನು ಯಾರು ಕೇಳಿದ್ದಾರೆ, ನೀವು ಹೇಳಿದ್ದು ವರದಿಯಲ್ಲಿ ಕೋರ್ಟಿಗೆ ಹೋಗಬಹುದು, ಯಾವುದಾದರೂ ಪ್ರಶ್ನೆಗೆ ಉತ್ತರ ಬೇಡ ಅನ್ನಿಸಿದರೆ ಹೇಳಿ. ಬಾರದಿದ್ದರೆ ನೀವೇ ಕೇಳಿ. "ಇದು ಚಿಕಿತ್ಸೆಗಾ, ಕೋರ್ಟಿಗಾ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಯಾವ ಅಗೌರವವೂ ಇಲ್ಲ. ನಾನಂತೂ ಇಷ್ಟು ಹೇಳಿದ ಮೇಲೆ, "ಈಗ ನಾನೇನು ಹೇಳಿದೆ, ನಿಮ್ಮ ಮಾತಲ್ಲಿ ಹೇಳಿ ನೋಡೋಣ" ಎನ್ನುತ್ತೇನೆ. ತಲೆ ಆಡಿಸಿದ್ದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದಿಲ್ಲ.

ಮಾತಾಡುತ್ತಾ ಅರ್ಧ ಗಂಟೆ ಆದ ಮೇಲೆ ಈ ಎಚ್ಚರ ಮರೆತುಹೋಗುತ್ತದೆ. ಟೀ ತರಿಸಿ, ಊರು ಕೇರಿ ವಿಚಾರಿಸುವ ವೈದ್ಯರು ತನ್ನವರೇ ಅನ್ನಿಸಿಬಿಡುತ್ತದೆ. ಹಾಗಾಗಿ ನಡುವೆ ಮತ್ತೆ ನೆನಪು ಮಾಡುವುದು ವೈದ್ಯರ ಕರ್ತವ್ಯ. ಬಾಯಿ ಬಿಡಿಸಿ ತಪ್ಪೊಪ್ಪಿಗೆ ಪಡೆಯುವುದು ನಮ್ಮ ಕೆಲಸ ಅಲ್ಲವೇ ಅಲ್ಲ.

ಕಾವಲಿಗೆ ಬಂದ ಪೊಲೀಸರು ಎಲ್ಲಿರಬೇಕು? ಕಣ್ಣಿಗೆ ಕಾಣುವಷ್ಟು ಹತ್ತಿರ, ಮಾತು ಕೇಳದಷ್ಟು ದೂರ. ಅಪಾಯ ಇಲ್ಲದಿದ್ದರೆ ಕೈಕೋಳ ಬಿಚ್ಚಲು ನಾನು ಕೇಳುತ್ತೇನೆ.

"ಬ್ರೈನ್ ಮ್ಯಾಪಿಂಗ್ ಮಾಡುತ್ತಾರಾ, ಇಂಜೆಕ್ಷನ್ ಕೊಟ್ಟು ಸತ್ಯ ಹೇಳಿಸುತ್ತಾರಾ?" ಈ ಭಯ ತುಂಬಾ ಜನರಿಗಿದೆ. ಅವು ಬೇರೆ ವಿಷಯ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಒಪ್ಪಿಗೆ ಇಲ್ಲದೆ ಬಲವಂತವಾಗಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಆ ಕೇಸಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮನೋವೈದ್ಯರ ಪರೀಕ್ಷೆಯಲ್ಲಿ ಮುಖ್ಯವಾಗಿ ಇರುವುದು ಮಾತುಕತೆ, ಗಮನಿಸುವುದು, ಕೆಲವೊಮ್ಮೆ ಬುದ್ಧಿಮಟ್ಟದ ಪ್ರಶ್ನೆಗಳು, ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್.

ಹಂತ 6: ಇವನ್ನು ಮಾಡಲೇಬೇಡಿ

ಹೇಳಿಕೊಡಬೇಡಿ. "ಕಿವಿಯಲ್ಲಿ ದನಿ ಕೇಳುತ್ತೆ ಅನ್ನು, ಏನೂ ನೆನಪಿಲ್ಲ ಅನ್ನು" ಎಂದು ಕಲಿಸಿ ಕರೆತರುವವರು ಇದ್ದಾರೆ. ಭಯಕ್ಕೆ ಹಾಗೆ ಮಾಡುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ನಿಜವಾದ ಕಾಯಿಲೆಗೆ ಒಂದು ನಡೆ ಇರುತ್ತದೆ. ಶುರುವಾದ ರೀತಿ, ನಿದ್ದೆ, ಊಟ, ಸ್ನಾನ, ಮಾತಿನ ಕೊಂಡಿ ಎಲ್ಲ ಒಂದಕ್ಕೊಂದು ಹೊಂದುತ್ತವೆ. ಕಲಿತು ಬಂದದ್ದು ಹೊಂದುವುದಿಲ್ಲ. ವಾರ್ಡಿನಲ್ಲಿ ನರ್ಸುಗಳು ರಾತ್ರಿಯೂ ಗಮನಿಸುತ್ತಾರೆ. ಇನ್ನೂ ಬೇಸರದ ವಿಷಯ ಎಂದರೆ, ನಿಜವಾಗಿ ಕಾಯಿಲೆ ಇರುವವರಿಗೂ ಮನೆಯವರು ನಾಲ್ಕು ಸುಳ್ಳು ಸೇರಿಸಿ ಕಳಿಸುತ್ತಾರೆ. ಆ ನಾಲ್ಕು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವೂ ಮುಳುಗುತ್ತದೆ.

ಚೆನ್ನಾಗಿ ಕಾಣಲಿ ಎಂದು ಮಾತ್ರೆ ಜಾಸ್ತಿ ಕೊಡಬೇಡಿ, ಕಾಯಿಲೆ ಕಾಣಲಿ ಎಂದು ನಿಲ್ಲಿಸಬೇಡಿ. ಎರಡೂ ಪ್ರಾಣಕ್ಕೇ ಅಪಾಯ ತರಬಹುದು.

ಜೇನು, ಕಿತ್ತಳೆ, ಕಾಫಿಪುಡಿ ತರಬೇಡಿ. ನಮ್ಮಲ್ಲಿ ಬರಿಗೈಯಲ್ಲಿ ಹೋಗುವುದು ಸರಿಯಲ್ಲ ಅನ್ನುವ ಅಭ್ಯಾಸ ಇದೆ, ಒಳ್ಳೆಯ ಅಭ್ಯಾಸವೇ. ಆದರೆ ಕೋರ್ಟಿನ ಕೆಲಸದಲ್ಲಿ ಒಂದು ಬಾಟಲಿ ಜೇನೂ ವೈದ್ಯರ ಮಾತಿನ ಬೆಲೆ ಇಳಿಸುತ್ತದೆ. ದೊಡ್ಡವರಿಂದ ಫೋನ್ ಮಾಡಿಸುವುದೂ ಬೇಡ. ಖಾಸಗಿಯಾಗಿ ಅಭಿಪ್ರಾಯ ಪಡೆಯುವುದಾದರೆ ಶುಲ್ಕ ಮೊದಲೇ ಮಾತಾಡಿ, ರಸೀದಿ ತಗೊಳ್ಳಿ. "ಕೇಸು ಗೆದ್ದರೆ ಇಷ್ಟು" ಎನ್ನುವ ವೈದ್ಯರು ಸಿಕ್ಕರೆ ಎದ್ದು ಬನ್ನಿ.

ಹಂತ 7: ಗುಟ್ಟು ಎಲ್ಲಿಯವರೆಗೆ, ಕೋವಿ ಎಲ್ಲಿ

ಚಿಕಿತ್ಸೆಗೆ ಬಂದವರ ಮಾತು ಗುಟ್ಟಾಗಿರಬೇಕು. 2017ರ ಕಾಯ್ದೆಯ 23ನೇ ಸೆಕ್ಷನ್ ಆ ಹಕ್ಕು ಕೊಡುತ್ತದೆ. ಆದರೆ ಮಿತಿ ಇದೆ. ಬೇರೆಯವರಿಗೆ ಹಾನಿಯಾಗುವುದನ್ನು ತಡೆಯಲು, ಪ್ರಾಣಕ್ಕೆ ಅಪಾಯ ಇದ್ದಾಗ, ಕೋರ್ಟು ಆದೇಶ ಮಾಡಿದಾಗ ಬೇಕಾದಷ್ಟನ್ನು ಮಾತ್ರ ಹೇಳಬಹುದು. ವಕೀಲರ ಹತ್ತಿರ ಹೇಳಿದ್ದಕ್ಕೆ ಸಾಕ್ಷ್ಯ ಕಾನೂನಿನಲ್ಲಿ ವಿಶೇಷ ರಕ್ಷಣೆ ಇದೆ. ವೈದ್ಯರ ಹತ್ತಿರ ಹೇಳಿದ್ದಕ್ಕೆ ಅಂಥದ್ದು ಇಲ್ಲ. ಕೋರ್ಟು ಕೇಳಿದರೆ ಹೇಳಲೇಬೇಕಾಗಬಹುದು. ಹಾಗಾಗಿ ಕೇಸಿನ ವಿವರ ಮೊದಲು ವಕೀಲರಿಗೆ.

ಕೊಡಗಿನಲ್ಲಿ ಈ ಮಾತು ಕೋವಿಯ ಹತ್ತಿರ ಬಂದೇ ಬರುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ, "ಕೋವಿ ತೆಗೆದಿಡಿ" ಎಂದರೆ ಮಾನ ತೆಗೆದ ಹಾಗೆ ಅನ್ನಿಸುತ್ತದೆ. ಆದರೂ ಹೇಳುತ್ತೇನೆ. ಮನೆಯಲ್ಲಿ ಒಬ್ಬರು ಸಾಯುವ ಮಾತಾಡುತ್ತಿದ್ದರೆ, ಅಥವಾ ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎಂದು ಹೆದರುತ್ತಿದ್ದರೆ, ಕೋವಿ ಆ ಮನೆಯಲ್ಲಿ ಇರಬಾರದು. ಬೀಗ ಹಾಕಿದರೆ ಸಾಲದು, ಕೀಲಿ ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರುತ್ತದೆ. ಕಾನೂನಿನ ಪ್ರಕಾರ ಎಲ್ಲಿ, ಹೇಗೆ ಒಪ್ಪಿಸಿಡಬೇಕು ಎಂದು ಪೊಲೀಸ್ ಠಾಣೆಯಲ್ಲಿ ಕೇಳಿ. ತೋಟೆಯನ್ನೂ, ಅಂದರೆ ಕೋವಿಯ ಗುಂಡನ್ನೂ, ಮನೆಯಲ್ಲಿ ಬಿಡಬೇಡಿ. ಇದನ್ನು ಒಕ್ಕದ ಹಿರಿಯರು ಹೇಳಿದರೆ ನಡೆಯುತ್ತದೆ. ಎಷ್ಟೋ ಸಲ ನಾನು ಅವರನ್ನೇ ಕರೆಸಿ ಮಾತಾಡಿದ್ದೇನೆ, ರೋಗಿಯ ಒಪ್ಪಿಗೆ ಕೇಳಿಯೇ.

ಮನಸ್ಸು ತೀರಾ ಕುಸಿದಾಗ ಹಗಲು ರಾತ್ರಿ ಕರೆ ಮಾಡಲು ಟೆಲಿ ಮನಸ್ ಇದೆ. ಸಂಖ್ಯೆ 14416. ಕನ್ನಡದಲ್ಲೂ ಮಾತಾಡುತ್ತಾರೆ.

ಹಂತ 8: ವರದಿ ಮತ್ತು ಸಾಕ್ಷಿ

ವರದಿ ಕೋರ್ಟಿಗೆ ಹೋಗುತ್ತದೆ. ನಿಮ್ಮ ಕೈಗೆ ವೈದ್ಯರು ನೇರವಾಗಿ ಕೊಡುವುದಿಲ್ಲ. ವಕೀಲರ ಮೂಲಕ ಪ್ರತಿ ಪಡೆಯಿರಿ. ಒಳ್ಳೆಯ ವರದಿಯಲ್ಲಿ ಯಾರನ್ನು ಎಷ್ಟು ಹೊತ್ತು, ಯಾವ ಭಾಷೆಯಲ್ಲಿ ನೋಡಿದರು, ಯಾವ ಕಾಗದ ಓದಿದರು, ಯಾವುದು ಸಿಗಲಿಲ್ಲ ಎಂದೆಲ್ಲ ಇರುತ್ತದೆ. ಕಂಡದ್ದು ಬೇರೆ, ಅಭಿಪ್ರಾಯ ಬೇರೆ ಎಂದು ಬೇರ್ಪಡಿಸಿ ಬರೆದಿರುತ್ತಾರೆ. "ತಪ್ಪಿತಸ್ಥ", "ನಿರ್ದೋಷಿ" ಎಂಬ ಪದ ಇರಬಾರದು. ಅದು ಜಡ್ಜ್ ಕೆಲಸ. ವೈದ್ಯರ ಮಾತು ತಜ್ಞರ ಅಭಿಪ್ರಾಯ ಮಾತ್ರ, ಕೋರ್ಟು ಒಪ್ಪಬಹುದು, ಬಿಡಬಹುದು. ಆ ಹೊತ್ತಿನಲ್ಲಿ ಚಿತ್ತ ಸರಿ ಇರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯ ಕಡೆಯದು ಎಂಬುದೂ ನೆನಪಿರಲಿ.

ವರದಿಯಲ್ಲಿ "ಖಚಿತವಾಗಿ ಹೇಳಲು ಆಗುವುದಿಲ್ಲ" ಎಂದಿದ್ದರೆ ಸಿಟ್ಟು ಮಾಡಿಕೊಳ್ಳಬೇಡಿ. ಒಂದು ವರ್ಷದ ಹಿಂದಿನ ಒಂದು ರಾತ್ರಿಯ ಬಗ್ಗೆ ಪ್ರಾಮಾಣಿಕ ಉತ್ತರ ಕೆಲವೊಮ್ಮೆ ಅಷ್ಟೇ. ಕಟಕಟೆಯಲ್ಲಿ ನಿಂತಾಗ ಎರಡೂ ಕಡೆಯ ವಕೀಲರು ಈ ಸಾಲನ್ನು ತಮ್ಮ ಕಡೆ ಎಳೆಯುತ್ತಾರೆ. ಎಳೆದ ಕಡೆ ವಾಲದೆ ನಿಲ್ಲುವುದೇ ಆ ದಿನದ ಕೆಲಸ. ಕೋರ್ಟಿನ ವರಾಂಡದಲ್ಲಿ ನಾನು ನಿಮ್ಮ ಜತೆ ಮಾತಾಡದೆ ತಲೆ ಬಗ್ಗಿಸಿ ಹೋದರೆ ತಪ್ಪು ತಿಳಿಯಬೇಡಿ.

ಹಂತ 9: ತೀರ್ಪಿನ ಮೇಲೆ

ಚಿತ್ತ ಸರಿ ಇರಲಿಲ್ಲ ಎಂಬ ಕಾರಣಕ್ಕೆ ಖುಲಾಸೆಯಾದರೆ ಅದೇ ಸಂಜೆ ಮನೆಗೆ ಕರೆದುಕೊಂಡು ಹೋಗಬಹುದು ಎಂದುಕೊಳ್ಳಬೇಡಿ. ಕೃತ್ಯ ಮಾಡಿದ್ದು ಹೌದೋ ಅಲ್ಲವೋ ಎಂದು ಕೋರ್ಟು ತೀರ್ಪಿನಲ್ಲಿ ಬರೆಯುತ್ತದೆ. ಹೌದು ಎಂದಾದರೆ, ಸುರಕ್ಷಿತ ಜಾಗದಲ್ಲಿ ಇಡಲು ಆದೇಶಿಸಬಹುದು, ಇಲ್ಲವೇ ನೆಂಟರು ಅರ್ಜಿ ಹಾಕಿ, ಭದ್ರತೆ ಕೊಟ್ಟರೆ ಅವರ ವಶಕ್ಕೆ ಒಪ್ಪಿಸಬಹುದು. ಸರಿಯಾಗಿ ನೋಡಿಕೊಳ್ಳುತ್ತೇವೆ, ತನಗಾಗಲಿ ಬೇರೆಯವರಿಗಾಗಲಿ ಹಾನಿ ಮಾಡದಂತೆ ತಡೆಯುತ್ತೇವೆ ಎಂಬ ಹೊಣೆ ಆ ಸಹಿಯಲ್ಲಿದೆ.

ಜೈಲಿಗೋ ಆಸ್ಪತ್ರೆಗೋ ಸ್ಥಳ ಬದಲಾಗುವಾಗ ಮಾತ್ರೆಯ ಹೆಸರು, ಪ್ರಮಾಣ, ಕೊಡುವ ಹೊತ್ತು ಬರೆದ ಚೀಟಿಯ ಎರಡು ಪ್ರತಿ ಇಡಿ, ಒಂದು ಜೈಲಿನ ವೈದ್ಯರಿಗೆ, ಒಂದು ನಿಮ್ಮ ಹತ್ತಿರ. ಈಗ ಚಿಕಿತ್ಸೆ ಕೊಡುವ ವೈದ್ಯರು ಮತ್ತೆ ಪೂರ್ತಿಯಾಗಿ ನಿಮ್ಮವರು. ಚಿಕಿತ್ಸೆಗೆ ಬೇಕಾದ್ದನ್ನು ಅವರ ಹತ್ತಿರ ಅಳೆದು ತೂಗಿ ಹೇಳಬೇಕಾಗಿಲ್ಲ.

ವಶಕ್ಕೆ ತಗೊಳ್ಳಲು ಸಹಿ ಹಾಕುವ ಮುಂಚೆ ಮನೆಯವರೆಲ್ಲ ಒಂದು ಸಂಜೆ ಕೂತು ಮಾತಾಡಿ. ಮಾತ್ರೆ ಕೈಯಾರೆ ಕೊಡುವವರು ಯಾರು? ತಿಂಗಳಿಗೊಮ್ಮೆ ಮಡಿಕೇರಿಗೆ ಕರೆದುಕೊಂಡು ಬರುವವರು ಯಾರು, ಮಳೆಗೆ ರಸ್ತೆ ಕುಸಿದರೆ ಎಷ್ಟು ದಿನದ ಮಾತ್ರೆ ಮನೆಯಲ್ಲಿರಬೇಕು? ತೀರಿಹೋದವರ ಮನೆ ಅದೇ ಓಣಿಯಲ್ಲಿದ್ದರೆ ಮೊದಲು ಅವರ ಹತ್ತಿರ ಹೋಗಿ ಮಾತಾಡುವವರು ಯಾರು? ಕೋವಿ ಯಾರ ಮನೆಯಲ್ಲಿ?